ಪದಚರ್ಚೆ: ‘ಹೆವಿ’ ಮತ್ತು ‘ಗ್ರೀಫ್’, ಎರಡಕ್ಕೂ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಮೆಟಲ್ ಸಂಗೀತ ತಂಡ ಗೊಜಿರಾದ 2016ರ ಆಲ್ಬಂ ‘ಮ್ಯಾಗ್ಮಾ’ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ. ಗಾಯಕ ಜೋ ಡುಪ್ಲಾಂಟಿಯೇ, ಡ್ರಮ್ಸ್ ನುಡಿಸುವ ಮಾರಿಯೋ ಅಣ್ಣತಮ್ಮಂದಿರು. ನ್ಯೂಯಾರ್ಕಿನ ತಮ್ಮ ಸ್ಟುಡಿಯೋದಲ್ಲಿ ಈ ಹಾಡುಗಳ ಕೆಲಸ ನಡೆದಿದ್ದಾಗಲೇ ಅವರ ತಾಯಿ ಕಾಯಿಲೆ ಬಿದ್ದು ತೀರಿಕೊಂಡರು. ಹಿಂದಿನ ಆಲ್ಬಂಗಳ ಅಬ್ಬರ ಇದರಲ್ಲಿ ತಗ್ಗಿದೆ, ಗರ್ಜನೆ ಕಡಿಮೆಯಾಗಿದೆ, ಜೋ ಹಲವು ಕಡೆ ಗಂಟಲು ಬಿಗಿಯದೆ ಹಾಡಿದ್ದಾರೆ. ಆದರೂ ಮೂಲ ಲೇಖಕರು ಇದನ್ನು ‘ಹೆವಿ’ ಎನ್ನುತ್ತಾರೆ. ನಾದಕ್ಕೂ ಮನಸ್ಸಿಗೂ ಅದೊಂದೇ ಪದ. ‘ಭಾರೀ ಆಲ್ಬಂ’ ಎಂದರೆ ದೊಡ್ಡದು ಎಂದಾಗಿಬಿಡುತ್ತದೆ. ‘ಗ್ರೀಫ್’ಗೆ ‘ಶೋಕ’ ಎಂದು ಬರೆದೆ, ಸಂತಾಪ ಸೂಚನೆಯ ಧಾಟಿ ಬಂತು. ದಯವಿಟ್ಟು ಇಂದೇ ತಿಳಿಸಿ.

ಉತ್ತರ:
‘ಗ್ರೀಫ್’ಗೆ ‘ಅಳಲು’ ಎಂದು ಬರೆಯಿರಿ, ಬೇರೆ ಹುಡುಕಬೇಡಿ. ಇದಕ್ಕೂ ಕಣ್ಣೀರಿಗೂ ಗಂಟು ಹಾಕುವವರೇ ಹೆಚ್ಚು. ಹಳಗನ್ನಡದಲ್ಲಿ ಇದು ‘ಅೞಲ್’; ತಮಿಳಿನ ‘ಅೞಲ್’ಗೆ ಉರಿ, ಬೆಂಕಿ ಎಂಬ ಅರ್ಥವಿದೆ. ಅಂದರೆ ಒಳಗೇ ಸುಡುವ ದುಃಖ. ಮ್ಯಾಗ್ಮಾ ಎಂಬುದೂ ನೆಲದಡಿಯಲ್ಲೇ ಉಳಿದ ಶಿಲಾಪಾಕ. ಹೊರಬಿದ್ದ ಮೇಲೆ ಅದು ಲಾವಾ. ಇದಕ್ಕಿಂತ ಒಪ್ಪುವ ಪದ ನಿಮಗೆ ಸಿಗದು. ‘ಹೆವಿ’ಗೆ ‘ಹೇರುಲಿ’ ಎನ್ನಬಹುದು: ಹೇರು ಎಂದರೆ ಹೊರೆ, ಉಲಿ ಎಂದರೆ ದನಿ, ಎರಡೂ ನಮ್ಮವೇ. ‘ಗ್ರೀಫ್’ಗೆ ‘ಕುಟುಂಬನೋವು’ ಎಂದು ಮಾತ್ರ ಬರೆಯಬೇಡಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ ಅದು.

ಇನ್ನೊಂದು ಉತ್ತರ:
‘ಅಳಲು’ ಸರಿ. ‘ಹೇರುಲಿ’ ಬೇಡವೇ ಬೇಡ, ನಾಳೆ ಅದನ್ನು ಓದುವವರಿಗೆ ಟಿಪ್ಪಣಿ ಕೊಡುವವರು ಯಾರು? ಹೆವಿ ಎನ್ನುವಾಗ ಈ ಸಂಗೀತದವರ ಕಿವಿಯಲ್ಲಿ ಇರುವುದು ಶ್ರುತಿ ಇಳಿಸಿದ ಗಿಟಾರ್, ಡಿಸ್ಟಾರ್ಶನ್‌ನಿಂದ (ನಾದವನ್ನು ಬೇಕೆಂದೇ ಒರಟಾಗಿಸುವುದರಿಂದ) ದಪ್ಪಗಾದ ನಾದ, ಎದೆಗೆ ತಾಗುವ ಡ್ರಮ್ಸ್. ಆ ಅನುಭವವೇ ಹೆಸರಿನೊಡನೆ ಬಂದಿದೆ, ಹೆಸರೂ ಇರಲಿ. ಫಿಡಲ್ ‘ಪಿಟೀಲು’ ಆದಾಗ ಕನ್ನಡ ಬಡವಾಯಿತೇ? ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆಂದು, ಅಂದರೆ ಸಂಸ್ಕೃತದಿಂದ ಬಂದು ಮಾರ್ಪಟ್ಟ ಪದಗಳಿಗೆಂದು, ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟಿದ್ದಾನೆ.

ಮರು ಉತ್ತರ:
ಆ ಪ್ರಕರಣವನ್ನು ಇನ್ನೊಮ್ಮೆ ಓದಿ. ಪದ ಹೇಗೆ ಮಾರ್ಪಟ್ಟು ಕನ್ನಡವಾಗುತ್ತದೆ ಎಂಬುದೇ ಅಲ್ಲಿನ ವಿಷಯ. ಫಕಾರ ಪಕಾರವಾಗಿ, ಕೊನೆಗೆ ಉಕಾರ ಸೇರಿ ‘ಪಿಟೀಲು’ ನಮ್ಮ ಬಾಯಿಗೆ ಒಗ್ಗಿತು. ‘ಹೆವಿ’ ಯಾವ ರೀತಿ ಮಾರ್ಪಟ್ಟಿದೆ? ಎತ್ತಿ ತಂದು ಇಟ್ಟದ್ದನ್ನೆಲ್ಲ ಎರವಲು ಎನ್ನುವುದಾದರೆ ಈ ಚರ್ಚೆಯೇ ಬೇಕಿಲ್ಲ.

ಮತ್ತೆ:
ಬಸ್ಸು ಒಗ್ಗಿದ್ದೂ ಜನ ಬಳಸಿದ ಮೇಲೆಯೇ. ಬಳಸುವ ಮೊದಲೇ ಬಾಗಿಲು ಮುಚ್ಚಿದರೆ ಪದ ಒಗ್ಗುವುದು ಎಲ್ಲಿ?

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ‘ತಾಯಿಯ ಸಾವಿನ ಅಳಲು ಹೊತ್ತ ಮೆಟಲ್ ಆಲ್ಬಂ’ ಎಂದು ಶೀರ್ಷಿಕೆ ಕೊಟ್ಟಿದ್ದೇನೆ. ‘ಹೊತ್ತ’ ಎಂಬಲ್ಲಿ ಭಾರ ಬಂದಿರುವುದರಿಂದ ‘ಹೆವಿ’ಯನ್ನು ಅಲ್ಲಿ ಬಿಟ್ಟೆ, ಗಿಟಾರ್ ನಾದದ ಮಾತು ಬರುವಲ್ಲಿ ‘ಹೆವಿ’ ಎಂದೇ ಉಳಿಸಿದೆ. ಪುಟ ಕಳುಹಿಸಿಯಾಯಿತು. ಎರವಲಿನ ಚರ್ಚೆಯನ್ನು ದಯವಿಟ್ಟು ಬೇರೆ ಶೀರ್ಷಿಕೆಯಡಿ ಮುಂದುವರಿಸಿ.