ವಿಷದ ನೀರಿನ ಮೀನು: ನಮ್ಮ ಮನೆ ಗುಂಪಿನಲ್ಲಿ ಒಂದು ಫಾರ್ವರ್ಡ್

ಭದ್ರಾವತಿ ಚಿಕ್ಕಪ್ಪ: (ಫಾರ್ವರ್ಡ್) ಕಾರ್ಖಾನೆ ಹೊಗೆಗೆ ಇಂಗ್ಲೆಂಡಿನ ಪತಂಗ ಬಿಳಿಯಿಂದ ಕಪ್ಪಾಯಿತು. ಅಮೆರಿಕದ ಮೀನು ವಿಷದ ನೀರಿನಲ್ಲೇ ಬದುಕಲು ಕಲಿಯಿತು. ಪ್ರಕೃತಿ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಪರಿಸರ ಹಾಳಾಯಿತು ಎಂದು ಹೆದರಿಸುವವರನ್ನು ನಂಬಬೇಡಿ. ಎಲ್ಲರಿಗೂ ಶೇರ್ ಮಾಡಿ.

ಭದ್ರಾವತಿ ಚಿಕ್ಕಪ್ಪ: ಫೋಟೋ ಸಮೇತ ಇದೆ. ಮಕ್ಕಳಿಗೂ ತೋರಿಸಿ.

ಮೈಸೂರು ಅತ್ತೆ: ತುಂಬಾ ಚೆನ್ನಾಗಿದೆ. ಎಲ್ಲ ಭಗವಂತನ ಲೀಲೆ.

ನಾನು: ಚಿಕ್ಕಪ್ಪ, ಪತಂಗದ ವಿಷಯ ನಿಜ, ಮೀನಿನದ್ದೂ ನಿಜ. ಆದರೆ ಅದು ನಡೆದ ರೀತಿ ಬೇರೆ, "ಪ್ರಕೃತಿ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ" ಅನ್ನುವುದೂ ತಪ್ಪು. ಯಾವ ಬಿಳಿ ಪತಂಗವೂ ಕಪ್ಪಾಗಲಿಲ್ಲ. ಬಿಳಿಯವನ್ನು ಹಕ್ಕಿಗಳು ಹೆಕ್ಕಿ ತಿಂದವು. ಕಪ್ಪಿದ್ದವು ಉಳಿದು ಮೊಟ್ಟೆ ಇಟ್ಟವು. ಮೀನೂ ಏನನ್ನೂ ಕಲಿಯಲಿಲ್ಲ. ವಿಷ ತಡೆಯಲಾಗದವು ಸತ್ತವು, ತಡೆಯುವ ಜೀನ್ ಇದ್ದ ಕೆಲವು ಉಳಿದವು. ಈ ಫಾರ್ವರ್ಡ್ ಉಳಿದವನ್ನು ಮಾತ್ರ ತೋರಿಸುತ್ತಿದೆ. ಸತ್ತವುಗಳ ಜೊತೆ ಏನೇನು ಹೋಯಿತು ಅನ್ನುವುದು ಅದರಲ್ಲಿಲ್ಲ.

ಭದ್ರಾವತಿ ಚಿಕ್ಕಪ್ಪ: ಹೇಗಾದರೂ ಆಗಲಿ, ಜಾತಿ ಉಳಿಯಿತಲ್ಲ? ಅದೇ ಮುಖ್ಯ.

ಹಾಸನದ ಅಕ್ಕ: ಇದು ನಮ್ಮ ದ್ವಿತೀಯ ಪಿಯುಸಿ ಪಾಠದಲ್ಲೇ ಇದೆ, ಪ್ರತಿ ವರ್ಷ ಮಾಡುತ್ತೇನೆ. ಪೆಪ್ಪರ್ಡ್ ಮಾತ್ ಅಂತ. ಬಿಳಿ ರೆಕ್ಕೆ, ಮೇಲೆ ಕರಿ ಚುಕ್ಕೆ. ಕಲ್ಲುಹೂವು ಬೆಳೆದ ತೊಗಟೆಯ ಮೇಲೆ ಕೂತರೆ ಕಾಣುವುದೇ ಇಲ್ಲ. ಕಪ್ಪು ಪತಂಗ ಮೊದಲು ಸಿಕ್ಕಿದ್ದು 1848ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಹತ್ತಿ ಗಿರಣಿಗಳ ಕಲ್ಲಿದ್ದಲು ಹೊಗೆಗೆ ಕಲ್ಲುಹೂವೆಲ್ಲ ಸತ್ತು, ಮರಕ್ಕೆ ಮಸಿ ಮೆತ್ತಿಕೊಂಡಿತ್ತು. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98 ಕಪ್ಪು.

ಹಾಸನದ ಅಕ್ಕ: ಪಠ್ಯದಲ್ಲಿ ಇಲ್ಲದ್ದು ಒಂದಿದೆ. 2016ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಆ ಕಪ್ಪಿನ ಮೂಲ ಹಿಡಿದರು. ಡಿಎನ್‌ಎಯಲ್ಲಿ ಜಾಗ ಬದಲಿಸುವ ತುಂಡುಗಳಿರುತ್ತವೆ. ಅಂಥದ್ದೊಂದು, ಸುಮಾರು 22,000 ಅಕ್ಷರ ಉದ್ದದ್ದು, ಕಾರ್ಟೆಕ್ಸ್ ಅನ್ನುವ ಜೀನ್ ಒಳಗೆ ಹೋಗಿ ಕೂತಿತ್ತು. ಲೆಕ್ಕ ಹಾಕಿದರೆ ಅದು ಆದದ್ದು 1819ರ ಆಸುಪಾಸು. ಬ್ರಿಟನ್ನಿನ ಕಪ್ಪು ಪತಂಗಗಳೆಲ್ಲ ಆ ಒಂದೇ ಘಟನೆಯಿಂದ ಬಂದವು. ಹೊಗೆ ಅದನ್ನು ಹುಟ್ಟಿಸಲಿಲ್ಲ, ಅದಾಗಲೇ ಇದ್ದದ್ದಕ್ಕೆ ದಾರಿ ಮಾಡಿಕೊಟ್ಟಿತು.

ಭದ್ರಾವತಿ ಚಿಕ್ಕಪ್ಪ: ಈಗ ಅಲ್ಲಿ ಬಿಳಿಯದೇ ಜಾಸ್ತಿ ಅಂತ ಓದಿದ್ದೇನೆ. ಹಾಗಾದರೆ ನಷ್ಟ ಏನಾಯಿತು?

ಹಾಸನದ ಅಕ್ಕ: ಹೌದು, ಬಿಳಿ ವಾಪಸ್ ಬಂದಿದೆ. 1952ರಲ್ಲಿ ಲಂಡನ್ನಿನ ಹೊಗೆಮಂಜಿಗೆ ಸಾವಿರಾರು ಜನ ಸತ್ತರು. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ಮರದ ಮಸಿ ಹೋಯಿತು, ಕಪ್ಪು ಪತಂಗ ಕಡಿಮೆಯಾಯಿತು.

ನಾನು: ಬಿಳಿ ವಾಪಸ್ ಬರಲು ಅದು ಎಲ್ಲೋ ಉಳಿದಿರಬೇಕಲ್ವಾ ಚಿಕ್ಕಪ್ಪ? ಗಿರಣಿಗಳಿಲ್ಲದ ಡಾರ್ಸೆಟ್ ಕಡೆ ಹಳ್ಳಿಗಾಡಿನಲ್ಲಿ ಬಿಳಿಯದೇ ಜಾಸ್ತಿ ಇತ್ತು. ಪತಂಗ ಹಾರುತ್ತದೆ, ಒಂದು ಊರಿನದು ಇನ್ನೊಂದು ಊರಿಗೆ ಹೋಗುತ್ತದೆ. ಮೀನಿಗೆ ಆ ಅನುಕೂಲ ಎಲ್ಲ ಕಡೆ ಇರುವುದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಿನ ಕತೆ ಕೇಳಿ. ಅಲ್ಲಿ ತಾಮ್ರ, ತವರದ ಗಣಿಗಳು. ಹೇಲ್ ಅನ್ನುವ ನದಿಯಲ್ಲಿ ತಾಮ್ರ, ಸತು ಎಷ್ಟಿದೆ ಅಂದರೆ ಬೇರೆ ಕಡೆಯ ಟ್ರೌಟ್ ಮೀನು ಅಲ್ಲಿ ಬದುಕುವುದು ಕಷ್ಟ. ಅಲ್ಲಿಯವು ಮಾತ್ರ ಬದುಕುತ್ತಿವೆ.

ಭದ್ರಾವತಿ ಚಿಕ್ಕಪ್ಪ: ಕಾರ್ನ್‌ವಾಲ್ ಗೊತ್ತು. ಕೋಲಾರದ ಚಿನ್ನದ ಗಣಿಗೆ ಬ್ರಿಟಿಷರ ಕಾಲದಲ್ಲಿ ನುರಿತ ಗಣಿಗಾರರು ಅಲ್ಲಿಂದಲೂ ಬಂದಿದ್ದರು. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಕೆಜಿಎಫ್‌ನವರು ಹೇಳುತ್ತಿದ್ದರು. ಸರಿ, ಬದುಕುತ್ತಿವೆ ಅಂತ ನೀನೇ ಹೇಳಿದೆ. ನಾನು ಹೇಳಿದ್ದೂ ಅದೇ.

ನಾನು: ಪೂರ್ತಿ ಕೇಳಿ. ಎಕ್ಸೆಟರ್ ವಿಶ್ವವಿದ್ಯಾಲಯದವರು ಆ ಟ್ರೌಟ್‌ಗಳ ಜೀನ್ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಲೋಹದ ನೀರಿನ ಮೀನುಗಳು ಪಕ್ಕದ ಒಳ್ಳೆ ನದಿಯ ಮೀನುಗಳಿಂದ ಬೇರೆಯಾಗಿಬಿಟ್ಟಿವೆ. ಅವುಗಳ ಒಳಗಿನ ಜೀನ್ ವೈವಿಧ್ಯ ಕಡಿಮೆ. ಈ ಬೇರ್ಪಡೆ ಯಾವಾಗಿನದು ಅಂತ ಲೆಕ್ಕ ಹಾಕಿದಾಗ ಎರಡು ಕಾಲ ಸಿಕ್ಕಿತು. ಒಂದು ಸುಮಾರು 960 ವರ್ಷ ಹಿಂದೆ, ಮಧ್ಯಯುಗದ್ದು. ಇನ್ನೊಂದು ಸುಮಾರು 150 ವರ್ಷ ಹಿಂದೆ, ಕೈಗಾರಿಕಾ ಕ್ರಾಂತಿಯಲ್ಲಿ ಗಣಿಗಾರಿಕೆ ತುತ್ತತುದಿಯಲ್ಲಿದ್ದಾಗ. ಗಣಿಗಳೆಲ್ಲ ಮುಚ್ಚಿವೆ. ಆದರೂ ಆ ಕಾಲದ ಗುರುತು ಇವತ್ತು ಈಜುತ್ತಿರುವ ಮೀನಿನ ಮೈಯಲ್ಲಿದೆ. ತಾಮ್ರ ತಡೆಯುವ ಮೀನು ಸಿಕ್ಕಿತು, ನಿಜ. ನಾಳೆ ಹೊಸ ರೋಗ ಬಂದರೆ, ನೀರು ಬಿಸಿಯಾದರೆ, ಅದನ್ನು ತಡೆಯುವ ಜೀನ್ ಬೇಕಲ್ಲ? ಅದು ಅಂದು ಸತ್ತ ಮೀನುಗಳ ಜೊತೆಗೇ ಹೋಗಿದ್ದರೆ ಎಲ್ಲಿಂದ ತರುವುದು?

ಮೈಸೂರು ಅತ್ತೆ: ಅಮೆರಿಕದ ಮೀನು ಅಂದರಲ್ಲ, ಅದು ಯಾವುದು? ತಿನ್ನಬಹುದಾ?

ನ್ಯೂಜೆರ್ಸಿ ಅಣ್ಣ: ಬೇಡ ಅತ್ತೆ! ಇಲ್ಲಿ ನೆವಾರ್ಕ್ ಕೊಲ್ಲಿಯ ಏಡಿ ಹಿಡಿಯಬೇಡಿ, ತಿನ್ನಬೇಡಿ ಅಂತ ಸರ್ಕಾರವೇ ನಾಲ್ಕಾರು ಭಾಷೆಯಲ್ಲಿ ಬೋರ್ಡ್ ಹಾಕಿದೆ. ಡಯಾಕ್ಸಿನ್ ಅನ್ನುವ ವಿಷ ಇದೆ ಅಂತ.

ನಾನು: ಅಣ್ಣ ಹೇಳಿದ ಅದೇ ನೆವಾರ್ಕ್ ಕೊಲ್ಲಿಯಲ್ಲಿ ಕಿಲ್ಲಿಫಿಶ್ ಇದೆ, ಬೆರಳುದ್ದದ ಮೀನು. ಪಕ್ಕದ ಹಡ್ಸನ್ ನದಿಯಲ್ಲಿ ಟಾಮ್‌ಕಾಡ್ ಅನ್ನುವ ಇನ್ನೊಂದು ಮೀನು. ಹಡ್ಸನ್‌ಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ 1947ರಿಂದ ಸುಮಾರು 30 ವರ್ಷ ಪಿಸಿಬಿ ಅನ್ನುವ ರಾಸಾಯನಿಕ ಹರಿಯಿತು. ಅದು ಮೀನಿನ ದೇಹದ ಎಎಚ್ಆರ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡರೆ ಮೊಟ್ಟೆಯೊಳಗಿನ ಮರಿಯ ಹೃದಯ ಸರಿಯಾಗಿ ಬೆಳೆಯುವುದಿಲ್ಲ. ಕೆಲವು ಟಾಮ್‌ಕಾಡ್‌ಗಳಲ್ಲಿ ಮೊದಲಿಂದಲೇ ಆ ಪ್ರೋಟೀನಿನ ಎರಡು ಅಮೈನೋ ಆಮ್ಲ ಇರಲಿಲ್ಲ. ಸಾವಿರಕ್ಕೂ ಜಾಸ್ತಿ ಇರುವುದರಲ್ಲಿ ಬರೀ ಎರಡು. ಅಷ್ಟಕ್ಕೇ ಪಿಸಿಬಿ ಸರಿಯಾಗಿ ಅಂಟುವುದಿಲ್ಲ. 2011ರಲ್ಲಿ ನೋಡಿದಾಗ ಹಡ್ಸನ್‌ನ ಟಾಮ್‌ಕಾಡ್‌ಗಳಲ್ಲಿ ನೂರಕ್ಕೆ 99ರಲ್ಲಿ ಈ ಬದಲಾದ ಜೀನ್ ಇತ್ತು. ಸುತ್ತಮುತ್ತಲ ಚೊಕ್ಕ ನೀರಿನಲ್ಲಿ ತೀರಾ ಅಪರೂಪ.

ನಾನು: ಅತ್ತೆ, ನಿಮ್ಮ ಪ್ರಶ್ನೆ ತುಂಬಾ ಮುಖ್ಯ. ಈ ಮೀನು ಸಾಯುವುದಿಲ್ಲ, ಆದರೆ ವಿಷ ಅದರ ಮೈಯಲ್ಲೇ ಕೂಡುತ್ತಾ ಹೋಗುತ್ತದೆ. ಅದನ್ನು ದೊಡ್ಡ ಮೀನು ತಿನ್ನುತ್ತದೆ, ದೊಡ್ಡ ಮೀನನ್ನು ಜನ ತಿನ್ನುತ್ತಾರೆ. ಹಡ್ಸನ್‌ನಲ್ಲಿ ಪಟ್ಟೆ ಬಾಸ್ ಮೀನಿನ ವ್ಯಾಪಾರವನ್ನೇ 1976ರಲ್ಲಿ ನಿಲ್ಲಿಸಬೇಕಾಯಿತು.

ಭದ್ರಾವತಿ ಚಿಕ್ಕಪ್ಪ: ಕಿಲ್ಲಿಫಿಶ್ ವಿಷಯ ನಾನೂ ಗೂಗಲ್ ಮಾಡಿದೆ. ಸಾಮಾನ್ಯ ಮೀನಿಗಿಂತ 8,000 ಪಟ್ಟು ವಿಷ ತಡೆಯುತ್ತದಂತೆ. ಅದರ ವೈವಿಧ್ಯವೂ ಕಮ್ಮಿಯಾಗಿಲ್ಲವಂತೆ. ಈಗ ಹೇಳು.

ನಾನು: ಸರಿಯಾದ್ದನ್ನೇ ಹುಡುಕಿದ್ದೀರಿ. ಆದರೆ ಅದಕ್ಕೆ ಕಾರಣ ಕಿಲ್ಲಿಫಿಶ್ ಎಲ್ಲ ಮೀನಿನ ಹಾಗಲ್ಲ. ಅಟ್ಲಾಂಟಿಕ್ ಕರಾವಳಿಯ ಜೌಗಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಬೆನ್ನುಮೂಳೆಯ ಪ್ರಾಣಿಗಳಲ್ಲೇ ಜೀನ್ ವೈವಿಧ್ಯ ತುಂಬಾ ಜಾಸ್ತಿ ಇರುವವುಗಳಲ್ಲಿ ಅದೂ ಒಂದು. ಹಾಗಾಗಿ ವಿಷ ಬಂದಾಗ ಬೇಕಾದ ಜೀನ್ ಆಗಲೇ ಅವುಗಳೊಳಗೆ ಇತ್ತು. 2016ರಲ್ಲಿ ಅಧ್ಯಯನ ಮಾಡಿದವರು ಒತ್ತಿ ಹೇಳಿದ್ದೂ ಇದನ್ನೇ: ಬೇರೆ ಜಾತಿಗಳಿಗೆ ಈ ಅದೃಷ್ಟ ಇಲ್ಲ. ನಿಧಾನವಾಗಿ ಮರಿ ಹಾಕುವ, ಸಂಖ್ಯೆ ಕಡಿಮೆ ಇರುವ ಪ್ರಾಣಿಗಳು ಏನು ಮಾಡಬೇಕು?

ಹಾಸನದ ಅಕ್ಕ: ಅದೂ ಪುಕ್ಕಟೆ ಬಂದದ್ದಲ್ಲ ಚಿಕ್ಕಪ್ಪ. ವರ್ಜೀನಿಯಾದ ಎಲಿಜಬೆತ್ ನದಿಯ ವಿಷ ತಡೆಯುವ ಕಿಲ್ಲಿಫಿಶ್ ಮರಿಗಳನ್ನು ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿಟ್ಟರೆ ಮಾಮೂಲಿ ಮರಿಗಳಿಗಿಂತ ಬೇಗ ಸೋಲುತ್ತವೆ.

ಭದ್ರಾವತಿ ಚಿಕ್ಕಪ್ಪ: ನೀವಿಬ್ಬರೂ ಓದಿದವರು, ವಾದದಲ್ಲಿ ನಾನು ಗೆಲ್ಲುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಕಾರ್ಖಾನೆ ಸಂಬಳದಲ್ಲೇ ನಾವು ನಿಮ್ಮನ್ನೆಲ್ಲ ಓದಿಸಿದ್ದು. ಅದನ್ನು ಬೈದರೆ ನನಗೆ ನೋವಾಗುತ್ತದೆ.

ನಾನು: ಅದನ್ನು ಬೈಯುವ ಮನಸ್ಸು ನನಗೂ ಇಲ್ಲ ಚಿಕ್ಕಪ್ಪ. ಆ ಸಂಬಳದ ಋಣ ನಮ್ಮೆಲ್ಲರ ಮೇಲಿದೆ. ನನ್ನ ಜಗಳ ಈ ಫಾರ್ವರ್ಡ್ ಜೊತೆ ಮಾತ್ರ. "ಪ್ರಕೃತಿ ಹೊಂದಿಕೊಳ್ಳುತ್ತದೆ" ಅಂದುಬಿಟ್ಟರೆ ನೀರನ್ನು ಶುದ್ಧ ಮಾಡಿ ಬಿಡಿ ಅಂತ ಯಾರೂ ಕೇಳುವುದೇ ಇಲ್ಲ. ಲಂಡನ್ನಿನ ಥೇಮ್ಸ್ ನದಿ ನೋಡಿ. ಕಟ್ಟೆಗಳು, ಚರಂಡಿ, ಕಾರ್ಖಾನೆ ಕೊಳಕು ಸೇರಿ 1830ರ ದಶಕದಲ್ಲೇ ಅಲ್ಲಿಯ ಸಾಲ್ಮನ್ ಮೀನು ಅಳಿಯಿತು. ಹೊಂದಿಕೊಳ್ಳಲೇ ಇಲ್ಲ. ನದಿ ಚೊಕ್ಕವಾದ ಮೇಲೆ ಬೇರೆ ಕಡೆಯ ಮರಿಗಳನ್ನು ತಂದು ವರ್ಷಗಟ್ಟಲೆ ಬಿಟ್ಟರು. ಆಮೇಲೆ ಅಲ್ಲಿ ಸಿಕ್ಕ ಸಾಲ್ಮನ್‌ಗಳ ಜೀನ್ ನೋಡಿದರೆ ಅವು ಬಿಟ್ಟ ಮರಿಗಳ ವಂಶದವಲ್ಲ. ದಕ್ಷಿಣ ಇಂಗ್ಲೆಂಡಿನ ಅಕ್ಕಪಕ್ಕದ ನದಿಗಳಿಂದ ತಾವಾಗಿ ಬಂದವು. ಆ ನದಿಗಳೂ ಹಾಳಾಗಿದ್ದರೆ ಥೇಮ್ಸ್‌ಗೆ ಯಾವುದೂ ಬರುತ್ತಿರಲಿಲ್ಲ.

ಮೈಸೂರು ಅತ್ತೆ: ಹಡ್ಸನ್ ಮೀನು ಮತ್ತೆ ಮೊದಲಿನ ಹಾಗಾಗುತ್ತಾ?

ನ್ಯೂಜೆರ್ಸಿ ಅಣ್ಣ: 2009ರಿಂದ 2015ರವರೆಗೆ ಯಂತ್ರ ಹಾಕಿ ಮೇಲ್ಭಾಗದ ನದಿಯ ತಳದ ಕೆಸರು ತೆಗೆದರು ಅತ್ತೆ. ಪಿಸಿಬಿ ಇನ್ನೂ ಪೂರ್ತಿ ಹೋಗಿಲ್ಲ.

ನಾನು: ಹಳೆಯ ಜೀನ್ ಲಾಂಗ್ ಐಲ್ಯಾಂಡ್, ಕನೆಕ್ಟಿಕಟ್ ಕಡೆಯ ಟಾಮ್‌ಕಾಡ್‌ಗಳಲ್ಲಿ ಇದೆ ಅತ್ತೆ, ಆ ದಾರಿ ಮುಚ್ಚಿಲ್ಲ. ಕಷ್ಟ ಬೇರೆ. ಟಾಮ್‌ಕಾಡ್ ತಣ್ಣೀರಿನ ಮೀನು. ಅದು ಮೊಟ್ಟೆ ಇಡುವ ನದಿಗಳಲ್ಲಿ ಹಡ್ಸನ್ನೇ ದಕ್ಷಿಣದ ಕೊನೆಯದು. ನೀರು ಬಿಸಿಯಾಗುತ್ತಿದೆ. ಬಿಸಿ ತಡೆದುಕೊಳ್ಳುವ ಮೀನು ದಕ್ಷಿಣದಿಂದ ಬರಲಿ ಅಂದರೆ ಅಲ್ಲಿ ಟಾಮ್‌ಕಾಡೇ ಇಲ್ಲ. ಹಡ್ಸನ್‌ನವುಗಳ ಒಳಗೆ ಎಷ್ಟು ವೈವಿಧ್ಯ ಉಳಿದಿದೆಯೋ ಅಷ್ಟರಲ್ಲೇ ಆಗಬೇಕು.

ಭದ್ರಾವತಿ ಚಿಕ್ಕಪ್ಪ: ಸರಿ. ಈ ಫಾರ್ವರ್ಡ್ ನಮ್ಮ ರಿಟೈರ್ಡ್ ನೌಕರರ ಗುಂಪಿಗೂ ಹಾಕಿದ್ದೆ. ಅಲ್ಲಿ ಪ್ರಕೃತಿ ಹೊಂದಿಕೊಳ್ಳುತ್ತದೆ, ಹೆದರಿಸುವವರನ್ನು ನಂಬಬೇಡಿ ಅನ್ನುವ ಎರಡು ಸಾಲು ತೆಗೆದು ಮತ್ತೆ ಹಾಕುತ್ತೇನೆ. ಥೇಮ್ಸ್ ವಿಷಯ ಸ್ವಲ್ಪ ಚಿಕ್ಕದಾಗಿ ಬರೆದು ಕಳಿಸು, ಅದನ್ನೂ ಸೇರಿಸುತ್ತೇನೆ. ಪತಂಗದ ಫೋಟೋ ಇರಲಿ.