ಬ್ರಿಜ್ ಹಂಬಕರ್ ಬದಲಾವಣೆ: ಜೆಬಿ, ಕಸ್ಟಮ್ 5, ಸೂಪರ್ ಡಿಸ್ಟಾರ್ಷನ್, ಈ ಮೂರರಲ್ಲಿ ಯಾವುದು?

ಆರನೇತಂತಿ:

ಗಿಟಾರ್ ವಿವರ: ಮಹಾಗನಿ ಬಾಡಿ, ಬೋಲ್ಟ್ ಹಾಕಿದ ಮೇಪಲ್ ನೆಕ್, 25.5 ಇಂಚು ಸ್ಕೇಲ್, ಫ್ಲಾಯ್ಡ್ ರೋಸ್ ಬ್ರಿಜ್. ಎರಡು ಹಂಬಕರ್ (ಹಮ್ ತಗ್ಗಿಸಲು ಎರಡು ಕಾಯಿಲ್ ಇರುವ ಪಿಕಪ್), ಒಂದು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನದ ಸ್ವಿಚ್. ನುಡಿಸುವುದು ಹಾರ್ಡ್ ರಾಕ್ ಮತ್ತು ಎಂಬತ್ತರ ದಶಕದ ಶೈಲಿಯ ಮೆಟಲ್.

ತೊಂದರೆ ಎರಡು. ಗೇನ್ ಏರಿಸಿ ಪಾಮ್ ಮ್ಯೂಟ್ ಮಾಡಿದರೆ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸಿದರೆ) ಆರನೇ ತಂತಿಯ ಸದ್ದು ಬಿಗಿಯಾಗಿ ನಿಲ್ಲದೆ ಹರಡಿಕೊಳ್ಳುತ್ತದೆ. 12ನೇ ಫ್ರೆಟ್‌ನ ಆಚೆ ಮೇಲಿನ ಎರಡು (ಒಂದನೇ, ಎರಡನೇ) ತಂತಿಗಳಲ್ಲಿ ಸೋಲೋ ನುಡಿಸಿದರೆ ಸ್ವರ ತೆಳು. ಬ್ರಿಜ್‌ನಲ್ಲಿ ಕಾರ್ಖಾನೆಯಿಂದ ಬಂದ ಸೆರಾಮಿಕ್ ಮ್ಯಾಗ್ನೆಟ್‌ನ ಪಿಕಪ್ ಇದೆ. ಕೇಬಲ್ ಚುಚ್ಚಿ ಇನ್ನೊಂದು ತುದಿಯಲ್ಲಿ ಮೀಟರ್ ಇಟ್ಟರೆ 15.8 ಕೆ (ಕಿಲೋಓಮ್) ರೋಧ ತೋರಿಸುತ್ತದೆ. ಸೀಮೋರ್ ಡಂಕನ್ ಜೆಬಿ 16 ಕೆ ಮೇಲಿದೆ, ಕಸ್ಟಮ್ 5 ಸುಮಾರು 14 ಕೆ, ಡಿಮಾರ್ಜಿಯೊ ಸೂಪರ್ ಡಿಸ್ಟಾರ್ಷನ್ 13.7 ಕೆ ಆಸುಪಾಸು. ಹಾಗಾದರೆ ಜೆಬಿ ಒಂದನ್ನು ಬಿಟ್ಟು ಉಳಿದವು ಈಗಿನದಕ್ಕಿಂತ ದುರ್ಬಲವೇ? ನೆಕ್ ಪಿಕಪ್ ಹಾಗೇ ಇರಲಿದೆ. ಕಾಯಿಲ್ ಸ್ಪ್ಲಿಟ್ (ಎರಡರಲ್ಲಿ ಒಂದೇ ಕಾಯಿಲ್ ಬಳಸುವ ಅನುಕೂಲ) ಬೇಕು.

ಬೆಸುಗೆಕಡ್ಡಿ:

ಕೊಳ್ಳುವ ಮೊದಲು ಎರಡು ವಿಷಯ ನೋಡಿಬಿಡಿ. ಇವನ್ನು ಬಿಟ್ಟು ಪಿಕಪ್ ಬದಲಿಸಿದರೆ ಹಳೆಯ ದೋಷವೇ ಹೊಸ ಪಿಕಪ್‌ನಲ್ಲೂ ಮುಂದುವರಿಯುತ್ತದೆ.

ಮೊದಲನೆಯದು ಎತ್ತರ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪೋಲ್ (ಪಿಕಪ್ ಮೇಲೆ ಪ್ರತಿ ತಂತಿಯ ಅಡಿ ಇರುವ ಲೋಹದ ತುಂಡು) ತುದಿಯವರೆಗಿನ ಅಂತರ ಅಳೆಯಿರಿ. ಹಳೆಯ ಶೈಲಿಯ ಕಡಿಮೆ ಬಲದ ಪಿಕಪ್‌ಗಳಿಗೆ 1.6 ಮಿ.ಮೀ. ಸರಿ. ಬಲವಾದ ಪಿಕಪ್ ಅಷ್ಟು ಹತ್ತಿರವಿದ್ದರೆ ದಪ್ಪ ತಂತಿಗಳು ಆಂಪ್‌ನ ಮೊದಲ ಹಂತವನ್ನೇ ತುಂಬಿಬಿಡುತ್ತವೆ. ನೀವು ಹೇಳಿದ ಹರಡುವಿಕೆ ಬಹುಪಾಲು ಅಲ್ಲಿಂದಲೇ ಬರುತ್ತದೆ. ಆರನೇ ತಂತಿಯ ಕಡೆ 2.5, ಒಂದನೇ ತಂತಿಯ ಕಡೆ 1.8 ಮಿ.ಮೀ.ಗೆ ಇಳಿಸಿ, ಆಂಪ್ ಗೇನ್ ತುಸು ಏರಿಸಿ ಕೇಳಿ.

ಎರಡನೆಯದು ಪಾಟ್, ಅಂದರೆ ವಾಲ್ಯೂಮ್, ಟೋನ್ ತಿರುಗಿಸುವ ಗುಂಡಿಯ ಅಡಿಯ ರೋಧಕ. ಹಿಂದಿನ ಮುಚ್ಚಳ ತೆಗೆದು ಪಾಟ್ ಮೇಲಿನ ಅಂಕಿ ಓದಿ. ವಾಲ್ಯೂಮ್, ಟೋನ್ ಎರಡೂ 500 ಕೆ ಇದ್ದರೆ, ಟೋನ್ ಪೂರ್ತಿ ತೆರೆದಾಗಲೂ ಪಿಕಪ್ ಮೇಲಿನ ಭಾರ ಸುಮಾರು 250 ಕೆ. ಎರಡೂ 250 ಕೆ ಇದ್ದರೆ ಅದು 125 ಕೆಗೆ ಇಳಿದು ಅನುರಣನದ ಶಿಖರ (ಪಿಕಪ್ ಅತಿ ಜೋರಾಗಿ ಸ್ಪಂದಿಸುವ ಆವರ್ತನದ ಉಬ್ಬು) ಚಪ್ಪಟೆಯಾಗುತ್ತದೆ, ಸದ್ದು ಮಂಕಾಗುತ್ತದೆ. ಪಾಟ್‌ಗಳಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆ ಸಾಮಾನ್ಯ, ಆದ್ದರಿಂದ ಪಿಕಪ್ ವೈರ್ ಬಿಡಿಸಿ ಅಳೆದರೇ ನಿಜ ಗೊತ್ತಾಗುವುದು.

ನಿಮ್ಮ 15.8 ಕೂಡ ನಿಖರವಲ್ಲ. ಜ್ಯಾಕ್‌ನಲ್ಲಿ ಅಳೆದಾಗ ವಾಲ್ಯೂಮ್ ಪಾಟ್ ಪಿಕಪ್‌ಗೆ ಸಮಾಂತರವಾಗಿ ಸೇರಿರುತ್ತದೆ. ಪಾಟ್ 500 ಕೆ ಆಗಿದ್ದರೆ ಪಿಕಪ್‌ನ ನಿಜವಾದ ರೋಧ 16.3 ಕೆ. ಬಿಸಿಲು, ಚಳಿಗೂ ಅಂಕಿ ಬದಲಾಗುತ್ತದೆ: ತಾಮ್ರದ ರೋಧ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 4ರಷ್ಟು ಏರುತ್ತದೆ.

ಹೆನ್ರಿಲೆಕ್ಕ:

ರೋಧದ ಅಂಕಿಯಿಂದ ಬಲ ಅಳೆಯುವುದನ್ನು ದಯವಿಟ್ಟು ಬಿಡಿ. ಪಿಕಪ್ ಆಯ್ಕೆಯಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದೇ ಈ ಅಂಕಿ. 42 ಗೇಜ್ ವೈರ್‌ಗೆ ಅಡಿಗೆ ಸುಮಾರು 1.66 ಓಮ್, 44 ಗೇಜ್‌ಗೆ ಸುಮಾರು 2.6 ಓಮ್. ಅಷ್ಟೇ ಸುತ್ತು, ಅಷ್ಟೇ ಉದ್ದ, ಆದರೆ ತೆಳು ವೈರ್ ಆದ ಮಾತ್ರಕ್ಕೆ ಮೀಟರ್ ಒಂದೂವರೆ ಪಟ್ಟಿಗಿಂತ ಹೆಚ್ಚು ತೋರಿಸುತ್ತದೆ. ತಂತಿಯಿಂದ ಬರುವ ಸಿಗ್ನಲ್ ಸುತ್ತುಗಳ ಸಂಖ್ಯೆ ಮತ್ತು ಮ್ಯಾಗ್ನೆಟ್ ಬಲದ ಮೇಲೆ ನಿಂತಿದೆ. ಒಂದೇ ವೈರ್, ಒಂದೇ ವಿನ್ಯಾಸದ ಎರಡು ಪಿಕಪ್ ಹೋಲಿಸುವಾಗ ಮಾತ್ರ ರೋಧಕ್ಕೆ ಅರ್ಥವಿದೆ.

ನೋಡಬೇಕಾದದ್ದು ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಯನ್ನು ಕಾಯಿಲ್ ತಡೆಯುವ ಗುಣ; ಅದರ ಅಳತೆ ಹೆನ್ರಿಯಲ್ಲಿ. ಸೆತ್ ಲವರ್ 1955ರಲ್ಲಿ ಗಿಬ್ಸನ್‌ಗಾಗಿ ರೂಪಿಸಿದ ಹಂಬಕರ್‌ನ ಮಾದರಿಯವು ಬ್ರಿಜ್‌ನಲ್ಲಿ ಸುಮಾರು 4ರಿಂದ 5 ಹೆನ್ರಿ ಇರುತ್ತವೆ, ಬಲವಾದ ಪಿಕಪ್‌ಗಳು 7–8ರ ಹತ್ತಿರ. ಕೇಬಲ್, ಕಾಯಿಲ್ ಎಲ್ಲ ಸೇರಿ ಕೆಪಾಸಿಟೆನ್ಸ್ 700 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ: 4.5 ಹೆನ್ರಿಗೆ ಶಿಖರ 2.8 ಕಿಲೋಹರ್ಟ್ಸ್ ಸುತ್ತ, 8 ಹೆನ್ರಿಗೆ 2.1ರ ಸುತ್ತ. ಶಿಖರ ಕೆಳಗಿಳಿದಷ್ಟೂ ಮಿಡ್ಸ್ (ನಡು ಆವರ್ತನಗಳು) ದಪ್ಪ, ಅದರಾಚೆಯ ಹೊಳಪು ಕಡಿಮೆ. ಪಟ್ಟಿಯಲ್ಲಿ ಕಂಪನಿಗಳು ಕೊಡುವ ಶಿಖರದ ಅಂಕಿ ಕೇಬಲ್ ಇಲ್ಲದೆ ಅಳೆದದ್ದಾದರೆ ಇದಕ್ಕಿಂತ ಬಹಳ ಮೇಲಿರುತ್ತದೆ, ಎರಡನ್ನೂ ಬೆರೆಸಬೇಡಿ.

ಈಗ ಮೂರರ ಸ್ವಭಾವ.

ಜೆಬಿ: ಆಲ್ನಿಕೊ 5 (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ) ಮ್ಯಾಗ್ನೆಟ್. ಮೇಲ್ಮಿಡ್ಸ್ ಮುಂದೆ ಬರುತ್ತದೆ, ಸೋಲೋ ಸ್ವರ ಹಾಡುತ್ತದೆ. ಬೇಸ್ ಸಡಿಲ. ಪ್ರಖರ ಗಿಟಾರ್‌ನಲ್ಲಿ ಚುಚ್ಚುತ್ತದೆ; ಅಂಥ ಕಡೆ 250 ಕೆ ವಾಲ್ಯೂಮ್ ಪಾಟ್ ಹಾಕಿದರೆ ಹದಕ್ಕೆ ಬರುತ್ತದೆ.

ಕಸ್ಟಮ್ 5: ಇದೂ ಆಲ್ನಿಕೊ 5. ಬೇಸ್ ದೊಡ್ಡದು, ಮೇಲೆ ಗರಿಗರಿ, ನಡುವೆ ಮಿಡ್ಸ್ ತಗ್ಗು. ರಿದಮ್‌ಗೆ ಸೊಗಸು. ಆದರೆ ನಿಮ್ಮ ದೂರು ಸೋಲೋ ತೆಳು ಎಂದು, ಆ ತೆಳುವಿಗೆ ಕಾರಣ ಮಿಡ್ಸ್ ಕೊರತೆ. ಅದನ್ನು ಇದು ತುಂಬುವುದಿಲ್ಲ.

ಸೂಪರ್ ಡಿಸ್ಟಾರ್ಷನ್: 1972ರಿಂದ ಇರುವ ವಿನ್ಯಾಸ, ಸೆರಾಮಿಕ್. ದಪ್ಪ ಮಿಡ್ಸ್, ಬಿಗಿಯಾದ ಬೇಸ್. ನಿಮ್ಮ ಎರಡೂ ದೂರಿಗೆ ಒಟ್ಟಿಗೆ ಉತ್ತರ ಕೊಡುವುದು ಮೂರರಲ್ಲಿ ಇದೇ. ಸೆರಾಮಿಕ್ ಅಂದರೆ ಕರ್ಕಶ ಎಂಬ ಮಾತಿಗೆ ಕಿವಿಗೊಡಬೇಡಿ. ಮ್ಯಾಗ್ನೆಟ್ ಒಂದೇ ಟೋನ್ ನಿರ್ಧರಿಸುವುದಿಲ್ಲ. ಇದೇ ಡಿಮಾರ್ಜಿಯೊದ ಟೋನ್ ಝೋನ್ ಆಲ್ನಿಕೊ 5, ಆದರೂ ಬೇಸ್ ಮತ್ತು ಕೆಳಮಿಡ್ಸ್ ಎಷ್ಟು ತುಂಬಿದೆ ಎಂದರೆ ಮಹಾಗನಿ ಬಾಡಿಯಲ್ಲಿ ನಿಮ್ಮ ತೊಂದರೆ ಹೆಚ್ಚಾದೀತು.

ಮೂರನೇಫ್ರೆಟ್:

ಜೆಬಿಯನ್ನು ಇಷ್ಟು ಬೇಗ ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. ಬೇಸ್ ಸಡಿಲ ಎಂಬುದನ್ನು ಪಿಕಪ್‌ನ ಆಚೆಯೇ ಸರಿಪಡಿಸಬಹುದು. ಟ್ಯೂಬ್ ಸ್ಕ್ರೀಮರ್ ತರಹದ ಓವರ್‌ಡ್ರೈವ್ ಪೆಡಲ್ ಅನ್ನು ಡ್ರೈವ್ ಸೊನ್ನೆಗೆ, ಲೆವೆಲ್ ಎತ್ತರಕ್ಕೆ ಇಟ್ಟು ಆಂಪ್ ಮುಂದೆ ಹಾಕಿದರೆ, ಅದರ ಕ್ಲಿಪ್ಪಿಂಗ್ ಹಂತ ಸುಮಾರು 720 ಹರ್ಟ್ಸ್‌ನಿಂದ ಕೆಳಗಿನದನ್ನು ಕ್ರಮೇಣ ತಗ್ಗಿಸುತ್ತದೆ, ಪಾಮ್ ಮ್ಯೂಟ್ ಗಟ್ಟಿಯಾಗುತ್ತದೆ. ಆದರೆ ಸೋಲೋದಲ್ಲಿ ಜೆಬಿ ಕೊಡುವ ಮೇಲ್ಮಿಡ್ಸ್ ಯಾವ ಪೆಡಲ್‌ನಿಂದಲೂ ಅದೇ ರೀತಿ ಬರುವುದಿಲ್ಲ. ಎಂಬತ್ತರ ದಶಕದ ಶೈಲಿ ಎಂದಿದ್ದೀರಿ, ಅಲ್ಲಿ ಈ ಗುಣ ಮುಖ್ಯ.

ಆರನೇತಂತಿ:

ಎತ್ತರ ಇಳಿಸಿದೆ, ಬೇಸ್ ಅರ್ಧಕ್ಕರ್ಧ ಸರಿಹೋಯಿತು. ವಾಲ್ಯೂಮ್ 470 ಕೆ, ಟೋನ್ 510 ಕೆ ಬಂತು. ಮೇಲಿನ ತಂತಿಗಳ ತೆಳುತನ ಹಾಗೇ ಇದೆ. ಪೆಡಲ್ ಇಲ್ಲದೆ ನೇರ ಆಂಪ್‌ಗೆ ನುಡಿಸುವುದರಿಂದ ಸೂಪರ್ ಡಿಸ್ಟಾರ್ಷನ್ ಕಡೆ ಮನಸ್ಸು ವಾಲಿದೆ. ಹಾಕುವಾಗ ಎಲ್ಲೆಲ್ಲಿ ಎಡವಬಹುದು?

ಬೆಸುಗೆಕಡ್ಡಿ:

ಪೋಲ್ ಅಂತರದಿಂದ ಶುರು ಮಾಡಿ. ಬ್ರಿಜ್ ಪಿಕಪ್ ಮೇಲೆ ಒಂದನೇ ಮತ್ತು ಆರನೇ ತಂತಿಯ ನಡುಮಧ್ಯದ ಅಂತರ ಅಳೆಯಿರಿ. ಫ್ಲಾಯ್ಡ್ ರೋಸ್ ಇದ್ದರೆ ಡಿಮಾರ್ಜಿಯೊದಲ್ಲಿ ಎಫ್-ಸ್ಪೇಸ್ಡ್ (ಪೋಲ್ ಅಂತರ ಅಗಲವಿರುವ ಮಾದರಿ) ತೆಗೆದುಕೊಳ್ಳಿ, ಅದು 51 ಮಿ.ಮೀ. ಡಂಕನ್‌ನಲ್ಲಾದರೆ ಟ್ರೆಂಬಕರ್, ಸುಮಾರು 52.5, ಅವರ ಸಾಮಾನ್ಯ ಹಂಬಕರ್ ಸುಮಾರು 49. ಒಂದು ಮಿ.ಮೀ. ಆಚೀಚೆಯಾದರೆ ಕಣ್ಣಿಗೆ ಕಾಣುತ್ತದೆಯೇ ಹೊರತು ಕಿವಿಗೆ ಕೇಳಿಸುವುದು ಕಷ್ಟ. ಪಿಕಪ್ ಕಾಲಿನ ಆಳಕ್ಕೆ ಕುಳಿ ಸಾಕಾಗುತ್ತದೆಯೇ ನೋಡಿ. ಹಳೆಯ ಎತ್ತರದ ಸ್ಕ್ರೂ ಹೊಸ ಕಾಲಿನ ಎಳೆಗೆ ಕೂಡದಿದ್ದರೆ ಬಲವಂತ ಬೇಡ, ಜೊತೆಗೆ ಬಂದದ್ದನ್ನೇ ಬಳಸಿ.

ಬಣ್ಣಗಳಲ್ಲಿ ಹೆಚ್ಚು ಜನ ತಪ್ಪುತ್ತಾರೆ. ಡಿಮಾರ್ಜಿಯೊ: ಕೆಂಪು ಹಾಟ್ (ಸಿಗ್ನಲ್ ಒಯ್ಯುವ ವೈರ್), ಕಪ್ಪು-ಬಿಳಿ ಒಟ್ಟಿಗೆ ಸೇರಿಸಿ ಟೇಪ್, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಡಂಕನ್: ಕಪ್ಪು ಹಾಟ್, ಕೆಂಪು-ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಡಿಮಾರ್ಜಿಯೊ ಪಿಕಪ್‌ಗೆ ಡಂಕನ್ ಚಿತ್ರ ಅನುಸರಿಸಿದರೆ ಮೀಟರ್‌ನಲ್ಲಿ ರೋಧ ಪೂರ್ತಿ ಸರಿ ಕಾಣುತ್ತದೆ, ಆದರೆ ಒಂದು ಕಾಯಿಲ್ ಉಲ್ಟಾ ಆಗಿ ಸದ್ದು ಟೊಳ್ಳು, ಹಮ್ ದುಪ್ಪಟ್ಟು. ಡಂಕನ್ ಪಿಕಪ್‌ಗೆ ಡಿಮಾರ್ಜಿಯೊ ಚಿತ್ರ ಹಾಕಿದರೆ ಒಂದು ಕಾಯಿಲ್ ಶಾರ್ಟ್ ಆಗಿ ರೋಧ ಅರ್ಧಕ್ಕಿಳಿಯುತ್ತದೆ.

ನೆಕ್ ಪಿಕಪ್ ಬೇರೆ ಕಂಪನಿಯದಾದ್ದರಿಂದ ಬೆಸೆಯುವ ಮೊದಲೇ ಫೇಸ್, ಅಂದರೆ ಎರಡರ ಸಿಗ್ನಲ್ ಒಂದೇ ದಿಕ್ಕಿನದೇ ಎಂದು ಪರೀಕ್ಷಿಸಿ. ಮೀಟರ್ 20 ಕೆ ರೇಂಜ್‌ನಲ್ಲಿರಲಿ, ಕೆಂಪು ಕಡ್ಡಿ ಹಾಟ್‌ಗೆ, ಕಪ್ಪು ಗ್ರೌಂಡ್‌ಗೆ. ಸ್ಕ್ರೂಡ್ರೈವರ್ ಅನ್ನು ಪೋಲ್ ಮೇಲಿಟ್ಟು ಥಟ್ಟನೆ ಎತ್ತಿ. ಅಂಕಿ ಕ್ಷಣಕಾಲ ಏರಿತೋ ಇಳಿಯಿತೋ ಬರೆದುಕೊಳ್ಳಿ. ನೆಕ್ ಪಿಕಪ್‌ಗೂ ಹಾಗೆಯೇ ಮಾಡಿ. ಎರಡೂ ಒಂದೇ ದಿಕ್ಕಿಗೆ ಹೋಗಬೇಕು. ವಿರುದ್ಧವಾದರೆ ಹೊಸದರ ಕೆಂಪು-ಹಸಿರು ಅದಲುಬದಲು ಮಾಡಿ, ಬರಿ ವೈರ್ ಮಾತ್ರ ಎಂದಿಗೂ ಗ್ರೌಂಡ್‌ನಲ್ಲೇ.

ಸ್ಪ್ಲಿಟ್‌ಗೆ ಟೋನ್ ಪಾಟ್ ಬದಲು 500 ಕೆ ಪುಷ್-ಪುಲ್ (ಎಳೆದರೆ ಸ್ವಿಚ್ ಆಗುವ ಪಾಟ್) ಹಾಕಿ, ಎಳೆದಾಗ ಕಪ್ಪು-ಬಿಳಿ ಜೋಡಿ ಗ್ರೌಂಡ್‌ಗೆ ಹೋಗಲಿ. ಸದ್ದು ತೀರಾ ಬಡವಾದರೆ ಆ ಜೋಡಿ ಮತ್ತು ಗ್ರೌಂಡ್ ನಡುವೆ 10 ಕೆ ಟ್ರಿಮ್ ಪಾಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಪಾಟ್) ಇಟ್ಟು ಕೇಳುತ್ತಾ ಹೊಂದಿಸಿ.

ಹೆನ್ರಿಲೆಕ್ಕ:

ಬೆಸುಗೆ ಬಗ್ಗೆ ಒಂದು ಮಾತು. ಪಾಟ್ ಬೆನ್ನಿಗೆ ಗ್ರೌಂಡ್ ಬೆಸೆಯಲು 15 ವ್ಯಾಟ್ ಕಡ್ಡಿ ಸಾಲದು. 40 ವ್ಯಾಟ್, ಅಗಲ ತುದಿ ಬೇಕು. ಚಿಕ್ಕ ಕಡ್ಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಹಾಳಾಗುತ್ತದೆ, ಬೆಸುಗೆಯೂ ಮೇಲೆಯೇ ಉಂಡೆಗಟ್ಟುತ್ತದೆ. ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಮೊದಲು ಬೆಸುಗೆ ಲೋಹ ಹರಡಿ, ಆಮೇಲೆ ವೈರ್ ಕೂರಿಸಿ.

ಮುಗಿದ ಮೇಲೆ ತಂತಿ ಹಾಕುವ ಮುನ್ನ ಆಂಪ್‌ಗೆ ಚುಚ್ಚಿ, ಸ್ಕ್ರೂಡ್ರೈವರ್‌ನಿಂದ ಎರಡೂ ಕಾಯಿಲ್‌ನ ಪೋಲ್‌ಗಳನ್ನು ಮೆಲ್ಲಗೆ ತಟ್ಟಿ. ಪೂರ್ಣ ಹಂಬಕರ್‌ನಲ್ಲಿ ಎರಡೂ ಸಮನಾಗಿ ಟಕ್ ಎನ್ನಬೇಕು, ಸ್ಪ್ಲಿಟ್‌ನಲ್ಲಿ ಒಂದು ಬಹುತೇಕ ಸುಮ್ಮನಾಗಬೇಕು. ಫ್ಲಾಯ್ಡ್ ರೋಸ್ ಆದ್ದರಿಂದ ತಂತಿ ಬಿಚ್ಚುವ ಮೊದಲು ಬ್ರಿಜ್ ಕೆಳಗೆ ಮರದ ತುಂಡು ಕೊಟ್ಟಿರಿ, ಇಲ್ಲವಾದರೆ ಸ್ಪ್ರಿಂಗ್ ಎಳೆತಕ್ಕೆ ಅದು ಬಾಡಿಯೊಳಗೆ ಕುಸಿಯುತ್ತದೆ. ಹೊಸ ಪಿಕಪ್‌ಗೂ 2.5 ಮತ್ತು 1.8 ಮಿ.ಮೀ.ನಿಂದಲೇ ಆರಂಭಿಸಿ, ಒಮ್ಮೆಗೆ ಸ್ಕ್ರೂವಿನ ಅರ್ಧ ಸುತ್ತಿಗಿಂತ ಹೆಚ್ಚು ಬದಲಿಸಬೇಡಿ.