ಕಸಿಯ ನಂತರ ಬಿಳಿ ರಕ್ತಕಣ ಸಹಜಕ್ಕೆ ಬಂದಿದೆ: ತಮ್ಮ ಆಲೆಮನೆಗೆ ಹೋಗಬಹುದೇ?

ಮಂಡ್ಯದ ಅಕ್ಕ (ಪ್ರಶ್ನೆ)

ಎ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್ ಬಂದಿದ್ದ ನನ್ನ ತಮ್ಮನಿಗೆ ಬೆಂಗಳೂರಿನಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳ ಕಸಿಯಾಗಿ ಐದು ತಿಂಗಳು ತುಂಬಿದೆ. ದಾನಿ ನಾನೇ. ಈಚಿನ ರಿಪೋರ್ಟಿನಲ್ಲಿ ಬಿಳಿ ರಕ್ತಕಣ 5,600 ಇದ್ದು, ಅವುಗಳಲ್ಲಿ ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಗೆ ಕೂಡ ಸಹಜ ಮಿತಿಯಲ್ಲಿದೆ. ನೂರು ದಿನದ ಗಂಡಾಂತರ ಕಳೆಯಿತಲ್ಲ, ಇನ್ನೇಕೆ ಮುಖಕ್ಕೆ ಮಾಸ್ಕು, ಆಲೆಮನೆಗೆ ಬಂದು ಲೆಕ್ಕಪತ್ರವನ್ನಾದರೂ ನೋಡಿಕೊಳ್ಳಲಿ ಎಂಬುದು ನಮ್ಮ ತಂದೆಯವರ ವಾದ. ವೈದ್ಯರು ಮಾತ್ರ ರೋಗನಿರೋಧಕ ಶಕ್ತಿ ಇನ್ನೂ ಬಂದಿಲ್ಲ ಎನ್ನುತ್ತಾರೆ. ಕಣಗಳ ಸಂಖ್ಯೆ ಸರಿಯಿದ್ದ ಮೇಲೆ ಶಕ್ತಿ ಬಾರದಿರುವುದು ಹೇಗೆ? ನನಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಹೋಗಿದೆ. ಆ ರಕ್ಷಣೆ ನನ್ನ ಕೋಶಗಳ ಜೊತೆಗೆ ಅವನಿಗೂ ಹೋಗಿರುವುದಿಲ್ಲವೇ? ಮನೆಯಲ್ಲಿ ಅವನ ಒಂಬತ್ತು ತಿಂಗಳ ಮಗುವಿದೆ. ಅದಕ್ಕೆ ಲಸಿಕೆ ಹಾಕಿಸಿದರೆ ಅವನಿಗೆ ತೊಂದರೆಯೇ?

ಮೈಸೂರಿನ ರಕ್ತರೋಗ ವೈದ್ಯ

ನಿಮ್ಮ ತಂದೆಯವರ ತರ್ಕ ಸಹಜವಾದದ್ದೇ, ಆದರೆ ರಿಪೋರ್ಟಿನ ಆ ಒಂದು ಅಂಕಿ ಹೇಳುವುದು ಕಥೆಯ ಮೊದಲ ಭಾಗವನ್ನು ಮಾತ್ರ. ಸಾಮಾನ್ಯವಾಗಿ ಕಸಿಯಾದ 2ರಿಂದ 4 ವಾರಗಳಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಸತತ ಮೂರು ದಿನ 500ರ ಮೇಲೆ ನಿಂತಾಗ ಕಸಿ ಹಿಡಿಯಿತು ಎನ್ನುತ್ತೇವೆ. ಅಲ್ಲಿಯವರೆಗಿನ ದೊಡ್ಡ ಭಯ ಬ್ಯಾಕ್ಟೀರಿಯಾ ಮತ್ತು ಕ್ಯಾಂಡಿಡಾದಂತಹ ಶಿಲೀಂಧ್ರಗಳದು. ಆ ಘಟ್ಟವನ್ನು ನಿಮ್ಮ ತಮ್ಮ ದಾಟಿದ್ದಾರೆ. ವೈರಸ್ಸುಗಳನ್ನು ಹತ್ತಿಕ್ಕುವ, ಹಿಂದೆ ಕಂಡ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಕೆಲಸ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳದು, ಅವು ಬರುವುದು ತಡ. ನಾಟಿ ಮಾಡಿದ ಗದ್ದೆ ಹಸಿರಾಗಿದೆ, ತೆನೆ ಇನ್ನೂ ಕಟ್ಟಿಲ್ಲ ಎಂದು ನಿಮ್ಮ ತಂದೆಯವರಿಗೆ ಹೇಳಬಹುದು.

ಲಿಂಫೋಸೈಟುಗಳಲ್ಲಿ ಟಿ, ಬಿ ಎಂಬ ಮುಖ್ಯ ಬಗೆಗಳಿವೆ. ಟಿ ಕೋಶಗಳು ಎರಡು ದಾರಿಯಲ್ಲಿ ಬರುತ್ತವೆ. ನಿಮ್ಮಿಂದ ಹೋದ ಬಲಿತ ಟಿ ಕೋಶಗಳು ಅವರ ದೇಹದಲ್ಲಿ ಬೇಗ ವೃದ್ಧಿಯಾಗುತ್ತವೆ, ಆದರೆ ಅವು ಗುರುತಿಸಬಲ್ಲ ರೋಗಾಣುಗಳ ವೈವಿಧ್ಯ ಸೀಮಿತ. ಹೊಸ ಕಾಂಡಕೋಶಗಳಿಂದ ಹುಟ್ಟುವ ಟಿ ಕೋಶಗಳು ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಪಳಗಿ ಹೊರಬರಬೇಕು. ವಯಸ್ಸಾದಂತೆ ಆ ಗ್ರಂಥಿ ಕುಗ್ಗುತ್ತದೆ, ಕೀಮೋಥೆರಪಿ ಮತ್ತು ಜಿ.ವಿ.ಎಚ್.ಡಿ. (ದಾನಿಯ ಕೋಶಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ ತೊಡಕು) ಅದನ್ನು ಮತ್ತಷ್ಟು ಘಾಸಿಗೊಳಿಸುತ್ತವೆ. ಆದ್ದರಿಂದಲೇ ವಯಸ್ಕರಲ್ಲಿ ಸಿ.ಡಿ.4 ಎಂಬ ಬಗೆಯ ಟಿ ಕೋಶಗಳು 200ರ ಗಡಿ ದಾಟಲು ಆರು ತಿಂಗಳು, ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಬಿ ಕೋಶಗಳ ಸಂಖ್ಯೆ ಕೂಡಿಕೊಂಡರೂ ಒಳ್ಳೆಯ ಪ್ರತಿಕಾಯ ತಯಾರಿಸಲು ಅವಕ್ಕೆ ಸಿ.ಡಿ.4 ಕೋಶಗಳ ನೆರವು ಬೇಕಾದ್ದರಿಂದ ಆ ಸಾಮರ್ಥ್ಯ ಪೂರ್ಣವಾಗಲು ಎರಡು ವರ್ಷವೂ ಆಗಬಹುದು.

ನೂರು ದಿನ ಎಂಬುದು ವೈದ್ಯರ ಲೆಕ್ಕಾಚಾರದ ಒಂದು ಗೆರೆ, ಅಲ್ಲಿಗೆ ಅಪಾಯ ಮುಗಿಯುವುದಿಲ್ಲ. ಅಪಾಯದ ಬಗೆ ಬದಲಾಗುತ್ತದೆ, ಅಷ್ಟೆ. ಅದಕ್ಕೆ ಮುಂಚೆ, ದೇಹದಲ್ಲಿ ಅಡಗಿದ್ದು ಪ್ರತಿರೋಧ ಕುಗ್ಗಿದಾಗ ಎದ್ದು ಬರುವ ಸಿ.ಎಂ.ವಿ. ವೈರಸ್ಸನ್ನು ರಕ್ತಪರೀಕ್ಷೆಯಿಂದ ಪದೇ ಪದೇ ಹುಡುಕುತ್ತಿರುತ್ತೇವೆ. ಅನಂತರ ಸರ್ಪಸುತ್ತು, ನ್ಯುಮೋಕಾಕಸ್‌ನಂತಹ ಕವಚವುಳ್ಳ ಬ್ಯಾಕ್ಟೀರಿಯಾ, ತಡವಾಗಿ ಮರುಕಳಿಸುವ ಸಿ.ಎಂ.ವಿ., ನಮ್ಮ ದೇಶದಲ್ಲಾದರೆ ಕ್ಷಯ, ಇವು ಮುಂದಾಗುತ್ತವೆ. ಜಿ.ವಿ.ಎಚ್.ಡಿ. ಇದ್ದು ಸ್ಟೀರಾಯ್ಡ್ ನಡೆಯುತ್ತಿದ್ದರೆ ದಿನಗಳ ಎಣಿಕೆಗೆ ಅರ್ಥವೇ ಉಳಿಯುವುದಿಲ್ಲ. ಎಂಟನೇ ತಿಂಗಳಲ್ಲಿರುವ ಅಂಥವರಿಗೆ ಎರಡನೇ ತಿಂಗಳ ರೋಗಿಗಿಂತ ಹೆಚ್ಚಿನ ಅಪಾಯವಿರಬಹುದು. ಹೀಗಾಗಿ ಎಷ್ಟು ತಿಂಗಳಾಯಿತು ಎಂಬುದರ ಜೊತೆಗೆ ಪ್ರತಿರೋಧ ತಗ್ಗಿಸುವ ಟ್ಯಾಕ್ರೋಲಿಮಸ್, ಸ್ಟೀರಾಯ್ಡ್ ಔಷಧಿಗಳು ನಿಂತಿವೆಯೇ, ಸಿ.ಡಿ.4 ಎಷ್ಟಿದೆ, ಐ.ಜಿ.ಜಿ. ಎಂಬ ಪ್ರತಿಕಾಯ ಎಷ್ಟಿದೆ ಎಂದು ಕೇಳಿರಿ.

ಆಲೆಮನೆಗೆ ಸದ್ಯ ಬೇಡ. ಒದ್ದೆಯಾಗಿ ರಾಶಿ ಬಿದ್ದ ಕಬ್ಬಿನ ಸಿಪ್ಪೆ, ಒಣಹುಲ್ಲಿನ ಬಣವೆ, ತಿಪ್ಪೆಗೊಬ್ಬರ, ಭತ್ತ ಬಡಿಯುವ ಕಣದ ಧೂಳು, ಇವೆಲ್ಲದರಲ್ಲಿಯೂ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣಗಳು ಹೇರಳ. ಆರೋಗ್ಯವಂತರು ಅವನ್ನು ದಿನವೂ ಉಸಿರಾಡಿ ಅರಗಿಸಿಕೊಳ್ಳುತ್ತಾರೆ. ಕಸಿಯಾದವರ ಶ್ವಾಸಕೋಶದಲ್ಲಿ ಅವು ಬೇರೂರಬಲ್ಲವು. ಎನ್-95 ಮಾಸ್ಕು ಆಕಸ್ಮಿಕವಾಗಿ ಎದುರಾದ ಧೂಳಿಗೆ ಸರಿ, ದಿನವಿಡೀ ಅಂಥ ಜಾಗದಲ್ಲಿ ಕೂರಲು ಅದು ಪರವಾನಗಿಯಲ್ಲ. ಲೆಕ್ಕದ ಪುಸ್ತಕವನ್ನು ಮನೆಗೆ ತರಿಸಿಕೊಳ್ಳಲಿ.

ನಿಮ್ಮ ರಕ್ಷಣೆಯ ಒಂದಂಶ ಅವರಿಗೆ ಹೋಗಿರುವುದು ನಿಜ. ಆದರೆ ಅದು ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ, ಅವರು ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ಫಲವೂ ಹೆಚ್ಚಿನಂಶ ಅಳಿಸಿಹೋಗುತ್ತದೆ. ಅದರ ಮೇಲೆ ಸೀತಾಳೆ ಸಿಡುಬಿನ ವೈರಸ್ಸು ಅವರ ನರಗಂಟುಗಳಲ್ಲಿ ಈಗಾಗಲೇ ಅಡಗಿದ್ದರೆ ಸರ್ಪಸುತ್ತಾಗಿ ಎದ್ದು ಬರಬಹುದು. ಅಸೈಕ್ಲೋವಿರ್ ಎಂಬ ಔಷಧಿಯನ್ನು ಕನಿಷ್ಠ ಒಂದು ವರ್ಷ ಕೊಡುವುದು ಅದಕ್ಕಾಗಿಯೇ. ಲಸಿಕೆಗಳನ್ನು ಮೊದಲಿನಿಂದ ಹಾಕಿಸಬೇಕು: ನ್ಯುಮೋಕಾಕಸ್ ಲಸಿಕೆ 3ರಿಂದ 6 ತಿಂಗಳ ನಡುವೆ ಶುರುವಾಗುತ್ತದೆ, ಧನುರ್ವಾಯು, ಹೆಪಟೈಟಿಸ್ ಬಿ ಮೊದಲಾದವು 6ರಿಂದ 12 ತಿಂಗಳಲ್ಲಿ. ದಡಾರದಂತಹ ಜೀವಂತ ಲಸಿಕೆಗಳು ಎರಡು ವರ್ಷದೊಳಗೆ ಸಲ್ಲವು, ಆಮೇಲೂ ಜಿ.ವಿ.ಎಚ್.ಡಿ. ಮತ್ತು ಪ್ರತಿರೋಧ ತಗ್ಗಿಸುವ ಔಷಧಿಗಳು ಇಲ್ಲದಿದ್ದರೆ ಮಾತ್ರ.

ಮಗುವಿನ ಲಸಿಕೆ ತಪ್ಪಿಸಬೇಡಿ. ದಡಾರ-ರುಬೆಲ್ಲಾ ಚುಚ್ಚುಮದ್ದಿನಿಂದ ತಂದೆಗೆ ಸೋಂಕು ಹರಡುವುದಿಲ್ಲ. ತೊಡಕು ಪೋಲಿಯೋ ಹನಿಯದು: ಅದರ ವೈರಸ್ಸು ಮಗುವಿನ ಮಲದಲ್ಲಿ ಕೆಲವು ವಾರ ಹೋಗುತ್ತಿರುತ್ತದೆ. ಅದಕ್ಕೆ ಬದಲಾಗಿ ಚುಚ್ಚುಮದ್ದಿನ ಪೋಲಿಯೋ ಲಸಿಕೆ ಸಾಧ್ಯವೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ಮನೆಯ ಉಳಿದವರೆಲ್ಲ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳುವುದು ಒಳ್ಳೆಯದು.

ಕುವೆಂಪುನಗರದ ಓದುಗ

ನಾನೂ ಅಣ್ಣನಿಂದ ಕಾಂಡಕೋಶ ಪಡೆದವನು. ಅಸೈಕ್ಲೋವಿರ್ ನಿಲ್ಲಿಸಿದ ಕೆಲವು ತಿಂಗಳಿಗೆ ನನಗೆ ಪಕ್ಕೆಯ ಒಂದೇ ಬದಿಯಲ್ಲಿ ಉರಿ ಶುರುವಾಯಿತು. ಗುಳ್ಳೆ ಎದ್ದ ದಿನವೇ ತೋರಿಸಿದ್ದರಿಂದ ಬೇಗ ಹಿಡಿತಕ್ಕೆ ಬಂತು. ನಮ್ಮ ಕಡೆ ಸರ್ಪಸುತ್ತಿಗೆ ಮಂತ್ರ ಹಾಕಿಸುವ, ಕೆಮ್ಮಣ್ಣು ಬಳಿಯುವ ರೂಢಿಯಿದೆ. ಮಂತ್ರಕ್ಕೆ ನನ್ನ ತಕರಾರಿಲ್ಲ, ಆದರೆ ಒಡೆದ ಗುಳ್ಳೆಯ ಮೇಲೆ ಮಣ್ಣು ಖಂಡಿತ ಬೇಡ. ಇನ್ನೊಂದು ಮಾತು: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಡೋಲೋ ನುಂಗಿ ಬೆಳಗಾಗಲಿ ಎಂದು ಮಲಗಬಾರದು. ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೇ ಬೆಳೆಯುತ್ತಿರುತ್ತದೆ. ಹೆದ್ದಾರಿಯಲ್ಲಿ ಬೆಂಗಳೂರಿಗೇ ಓಡಬೇಕೆಂದಿಲ್ಲ, ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಮೊದಲ ಆ್ಯಂಟಿಬಯಾಟಿಕ್ ಬೀಳಲಿ, ಕಸಿ ತಂಡಕ್ಕೆ ಅಲ್ಲಿಂದಲೇ ಫೋನ್ ಮಾಡಿ.

ಮದ್ದೂರಿನ ಔಷಧಿ ಅಂಗಡಿಯವರು

ಟ್ಯಾಕ್ರೋಲಿಮಸ್ ನಡೆಯುತ್ತಿದ್ದರೆ ಗಂಟಲುನೋವು, ಕೆಮ್ಮು ಎಂದು ಅಂಗಡಿಯಲ್ಲಿ ಕೇಳಿ ಮಾತ್ರೆ ತೆಗೆದುಕೊಳ್ಳಬೇಡಿ. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಮತ್ತು ಫ್ಲುಕೊನಜೋಲ್, ಪೊಸಕೊನಜೋಲ್‌ನಂತಹ ಶಿಲೀಂಧ್ರದ ಔಷಧಿಗಳು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತೀರಾ ಇಳಿಸಿಬಿಡುತ್ತದೆ. ನ್ಯುಮೋಸಿಸ್ಟಿಸ್ ನ್ಯುಮೋನಿಯಾ ತಡೆಯಲು ಬರೆದುಕೊಟ್ಟಿರುವ ಕೋ-ಟ್ರೈಮಾಕ್ಸಜೋಲ್ ಅಗ್ಗದ ಹಳೆಯ ಮಾತ್ರೆಯೆಂಬ ಕಾರಣಕ್ಕೆ ಎಷ್ಟೋ ಮಂದಿ ಅದನ್ನು ತಾವಾಗಿಯೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಮಂಡ್ಯದ ಅಕ್ಕ

ಎಲ್ಲರಿಗೂ ಧನ್ಯವಾದಗಳು. ತಂದೆಯವರಿಗೆ ಓದಿ ಹೇಳಿದೆ. ಲೆಕ್ಕದ ಪುಸ್ತಕ ಮನೆಗೆ ಬರುತ್ತದೆ. ಅವನಿಗೆ ಇನ್ನೂ ಟ್ಯಾಕ್ರೋಲಿಮಸ್ ನಡೆಯುತ್ತಿದೆ, ಸಿ.ಡಿ.4 ಪರೀಕ್ಷೆಯ ಬಗ್ಗೆ ಮುಂದಿನ ಭೇಟಿಯಲ್ಲಿ ಕೇಳುತ್ತೇವೆ. ಮನೆಯ ಮೊಸರು ಮತ್ತು ದಸರೆಯ ಬಗ್ಗೆಯೂ ಒಂದು ಮಾತು ಹೇಳಿ.

ಮೈಸೂರಿನ ರಕ್ತರೋಗ ವೈದ್ಯ

ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಸಿದ್ಧವಾಗಿಲ್ಲ, ಶುಚಿಯಾಗಿ ಬೇಯಿಸಿ ಬಿಸಿಯಾಗಿ ಉಣ್ಣುವುದೇ ಮುಖ್ಯ. ಮೊಸರಿನ ವಿಷಯದಲ್ಲಿ ಒಂದೊಂದು ಕೇಂದ್ರದ ನಿಯಮ ಒಂದೊಂದು ರೀತಿ, ನಿಮ್ಮ ತಂಡವನ್ನೇ ಕೇಳಿ. ಕಾಯಿಸದ ಹಾಲು, ಐಸ್ ಹಾಕಿದ ರಸ್ತೆಬದಿಯ ಕಬ್ಬಿನ ಹಾಲು, ಹೆಚ್ಚಿಟ್ಟು ಮಾರುವ ಹಣ್ಣು ಬೇಡವೇ ಬೇಡ. ಜಂಬೂಸವಾರಿಯನ್ನು ಈ ವರ್ಷ ಟಿ.ವಿ.ಯಲ್ಲಿ ನೋಡಲಿ, ದೀಪಾಲಂಕಾರ ನೋಡುವ ಆಸೆಯಿದ್ದರೆ ಕಾರಿನ ಗಾಜು ಏರಿಸಿಕೊಂಡು ಒಂದು ಸುತ್ತು ಬರಬಹುದು. ಮರೆತಿದ್ದ ಮಾತೊಂದಿದೆ: ಯಾವ ಆಸ್ಪತ್ರೆಯಲ್ಲೇ ಆಗಲಿ ಅವರಿಗೆ ರಕ್ತ ಕೊಡುವ ಸಂದರ್ಭ ಬಂದರೆ ಅದು ವಿಕಿರಣಕ್ಕೊಡ್ಡಿದ ರಕ್ತವಾಗಿರಬೇಕು. ಇದನ್ನು ಡಿಸ್ಚಾರ್ಜ್ ಸಾರಾಂಶದ ಪ್ರತಿಯ ಮೇಲೆ ದೊಡ್ಡದಾಗಿ ಬರೆದು ಅವರ ಜೇಬಿನಲ್ಲಿ ಇಡಿಸಿ.